ಪೌಂಡ್ ಒತ್ತಿದರೆ ‘ನ’, ರೂಪಾಯಿ ಒತ್ತಿದರೆ ಖಾಲಿ ಚೌಕ: ವರ್ಡ್ ಕಡತದಲ್ಲಿ ಹಣದ ಚಿಹ್ನೆಗಳು ಕೈಕೊಟ್ಟಾಗ

ಹಣದ ಚಿಹ್ನೆ ಸರಿಯಾಗಿ ಬರದಿದ್ದಾಗ ಎಲ್ಲರೂ ಮೊದಲು ಮಾಡುವ ಕೆಲಸ ಫಾಂಟ್ ಬದಲಿಸುವುದು. ಒಂದಾಯಿತು, ಇನ್ನೊಂದಾಯಿತು, ಮತ್ತೊಂದಾಯಿತು. ಕೊನೆಗೆ ಬೇಸತ್ತು ಗೂಗಲ್‌ನಿಂದ ಯೂರೊ ಚಿಹ್ನೆಯ ಚಿತ್ರವೊಂದನ್ನು ತಂದು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಚಿತ್ರ ಅಂಟಿಸಿದ ಕಡತ ಮುಂದೆ ಯಾರ ಕೈಗೆ ಹೋದರೂ ತಲೆನೋವು. ಅಕ್ಷರದ ಗಾತ್ರ ಬದಲಿಸಿದರೆ ಅದು ಜಪ್ಪಯ್ಯ ಎಂದರೂ ಬದಲಾಗುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಸಾಲು ಜರುಗಿದಾಗ ಎಲ್ಲೋ ಹೋಗಿ ಕೂರುತ್ತದೆ.

ಫಾಂಟ್ ಮುಟ್ಟುವ ಮುಂಚೆ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ. ಕಡತದ ಒಳಗೆ ಇರುವುದೇ ತಪ್ಪೋ, ಇಲ್ಲಾ ಒಳಗೆ ಸರಿಯಾಗಿಯೇ ಇದ್ದು ಪರದೆಯ ಮೇಲೆ ಮಾತ್ರ ತಪ್ಪಾಗಿ ಕಾಣುತ್ತಿದೆಯೋ? ಮೊದಲನೆಯದಾದರೆ ಸಾವಿರ ಫಾಂಟ್ ಬದಲಿಸಿದರೂ ಉಪಯೋಗವಿಲ್ಲ. ಎರಡನೆಯದಾದರೆ ಮತ್ತೆ ಟೈಪ್ ಮಾಡುವುದು ದಂಡ. ಇದನ್ನು ಎರಡು ಕೀಲಿಗಳಲ್ಲಿ ತಿಳಿಯಬಹುದು.

ಇಲ್ಲಿ ಹೇಳುವುದು ಬಹುಪಾಲು ವಿಂಡೋಸ್‌ನ ಮೈಕ್ರೋಸಾಫ್ಟ್ ವರ್ಡ್‌ಗೆ ಸಂಬಂಧಿಸಿದ್ದು. ಲಿಬ್ರೆ ಆಫೀಸ್, ಮ್ಯಾಕ್ ಮತ್ತು ಗೂಗಲ್ ಡಾಕ್ಸ್ ವಿಷಯ ಬೇಕಾದಲ್ಲಿ ಹೇಳಿದ್ದೇನೆ. ಸಂಕೇತ ಸಂಖ್ಯೆಗಳಲ್ಲಿ ಬರುವ ಎ, ಬಿ, ಸಿ, ಡಿ, ಎಫ್ ಇಂಗ್ಲಿಷ್ ಅಕ್ಷರಗಳು. ಉದಾಹರಣೆಗೆ 20ಬಿ9 ಎಂದರೆ ಎರಡು, ಸೊನ್ನೆ, ಇಂಗ್ಲಿಷಿನ ಬಿ, ಒಂಬತ್ತು. ಅವನ್ನು ಟೈಪ್ ಮಾಡುವಾಗ ಕೀಬೋರ್ಡ್ ಇಂಗ್ಲಿಷ್‌ನಲ್ಲಿರಲಿ. ನಿಮ್ಮ ಕನ್ನಡ ಕೀಬೋರ್ಡ್ ೨೦ ಎಂದು ಕನ್ನಡ ಅಂಕಿ ಕೊಡುತ್ತಿದ್ದರೆ ಮುಂದಿನ ಯಾವ ಉಪಾಯವೂ ಕೆಲಸ ಮಾಡುವುದಿಲ್ಲ.

ಮೊದಲ ಪರೀಕ್ಷೆ: ಆಲ್ಟ್ ಮತ್ತು ಎಕ್ಸ್

ಕೆಟ್ಟಂತೆ ಕಾಣುವ ಚಿಹ್ನೆಯ ಬಲಗಡೆ, ಅದಕ್ಕೆ ಅಂಟಿಕೊಂಡಂತೆ ಕರ್ಸರ್ ಇಡಿ. ಆಲ್ಟ್ ಹಿಡಿದು ಎಕ್ಸ್ ಒತ್ತಿ. ಚಿಹ್ನೆ ಹೋಗಿ ಅದರ ಯೂನಿಕೋಡ್ ಸಂಖ್ಯೆ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪಿಕೊಂಡಿರುವ, ಪ್ರತಿ ಅಕ್ಷರಕ್ಕೂ ಒಂದೊಂದು ಎಂಬ ಸಂಖ್ಯೆ) ಕಾಣುತ್ತದೆ. ಇನ್ನೊಮ್ಮೆ ಒತ್ತಿದರೆ ಚಿಹ್ನೆ ವಾಪಸ್. ಲಿಬ್ರೆ ಆಫೀಸ್ ರೈಟರ್‌ನಲ್ಲೂ ಇದೇ ಕೀಲಿ.

20ಬಿ9 ಬಂದರೆ ಒಳಗಿರುವುದು ಅಪ್ಪಟ ರೂಪಾಯಿ ಚಿಹ್ನೆ ₹. 20ಎಸಿ ಬಂದರೆ ಯೂರೊ €. ಎ3 ಪೌಂಡ್ £, ಎ5 ಯೆನ್ ¥, ಎ2 ಸೆಂಟ್ ¢. ಈ ಸಣ್ಣ ಸಂಖ್ಯೆಗಳ ಎಡಗಡೆ ವರ್ಡ್ ಕೆಲವೊಮ್ಮೆ ಎರಡು ಸೊನ್ನೆ ಸೇರಿಸುತ್ತದೆ, ಅದರಿಂದ ವ್ಯತ್ಯಾಸವೇನಿಲ್ಲ. ಸಂಖ್ಯೆ ಸರಿಯಿದ್ದು ನೋಟ ಮಾತ್ರ ಕೆಟ್ಟಿದ್ದರೆ ಫಾಂಟ್‌ನದೇ ತಪ್ಪು.

3ಎಫ್ ಬಂದರೆ ಕೆಟ್ಟ ಸುದ್ದಿ. ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಮೂಲ ಚಿಹ್ನೆ ಎಲ್ಲೋ ದಾರಿಯಲ್ಲಿ ಸತ್ತುಹೋಗಿದೆ, ಮತ್ತೆ ಟೈಪ್ ಮಾಡದೆ ಗತಿಯಿಲ್ಲ. ಅದು ಯೂರೊ ಆಗಿತ್ತೋ ರೂಪಾಯಿಯೋ ಎಂದು ಆ ಕಡತ ನೋಡಿ ಹೇಳಲಾಗದು, ಮೂಲ ಪ್ರತಿಯನ್ನೇ ಕೇಳಿ ತರಿಸಿಕೊಳ್ಳಿ.

60 ಬಂದರೆ ಅದೊಂದು ಹಳೆಯ ಕತೆ, ಮುಂದೆ ಹೇಳುತ್ತೇನೆ. 20ಎ8 ಬಂದರೆ ಯಾರೋ ಪಟ್ಟಿಯಲ್ಲಿ ರೂಪಾಯಿ ಎಂದು ಹುಡುಕಿ ₨ ಎಂಬ ಹಳೆಯ ಚಿಹ್ನೆಯನ್ನು ಆರಿಸಿದ್ದಾರೆ. ಅದು ಭಾರತದ ₹ ಬರುವುದಕ್ಕೂ ಮುಂಚಿನಿಂದ ಇರುವುದು, ಬೇರೆ ದೇಶಗಳ ರೂಪಾಯಿಗೂ ಸಲ್ಲುತ್ತದೆ. ನಮ್ಮ ಲೆಕ್ಕಪತ್ರದಲ್ಲಿ ಅದನ್ನು ಬದಲಿಸುವುದೇ ಒಳ್ಳೆಯದು.

ಪೌಂಡ್ ಹೋಗಿ ತಲೆಕಟ್ಟಿಲ್ಲದ ‘ನ’ ಬಂದಾಗ

ಕನ್ನಡದಲ್ಲಿ ಕೆಲಸ ಮಾಡುವವರಿಗಷ್ಟೇ ಬರುವ ದೋಷ ಇದು. ಇಂಗ್ಲಿಷ್ ಸಹಾಯ ಪುಟಗಳಲ್ಲಿ ಎಷ್ಟು ಹುಡುಕಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ.

ಬ್ರಿಟನ್‌ಗೆ ಓದಲು ಹೊರಟ ಹುಡುಗಿಯೊಬ್ಬಳ ತಂದೆ ಟೈಪಿಂಗ್ ಅಂಗಡಿಯಲ್ಲಿ ಬರೆಸಿದ ಪ್ರಮಾಣಪತ್ರವನ್ನು ನನ್ನ ಹತ್ತಿರ ತಂದಿದ್ದರು. ‘ಸಾರ್, ಪೌಂಡ್ ಹಾಕು ಅಂದ್ರೆ ಅವನು ನ ಹಾಕಿದಾನೆ. ಕೇಳಿದ್ರೆ, ಅಣ್ಣಾ ನಾನು ಒತ್ತಿದ್ದು ಪೌಂಡೇ ಅಂತಾನೆ’ ಎಂದರು. ಹಾಳೆಯಲ್ಲಿ ಮೊತ್ತದ ಹಿಂದೆ ‘ನ’ ಕಾರದ ಬುಡ ಮಾತ್ರ ಇತ್ತು, ಮೇಲಿನ ತಲೆಕಟ್ಟು ಇರಲಿಲ್ಲ. ಅಂಗಡಿಯ ಹುಡುಗ ಹೇಳಿದ್ದು ನಿಜವೇ. ಅವನು ಪೌಂಡನ್ನೇ ಒತ್ತಿದ್ದ. ಆಮೇಲೆ ಕಂಟ್ರೋಲ್ ಎ ಒತ್ತಿ ಇಡೀ ಪುಟಕ್ಕೆ ‘ನುಡಿ 01 ಇ’ ಫಾಂಟ್ ಕೊಟ್ಟಿದ್ದ. ಪತ್ರದಲ್ಲಿ ಬೇರೆ ಇಂಗ್ಲಿಷ್ ಅಕ್ಷರ ಇರಲಿಲ್ಲವಾದ್ದರಿಂದ ಅವನ ಕಣ್ಣಿಗೆ ಏನೂ ಬಿದ್ದಿರಲಿಲ್ಲ.

ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳು 256 ಮನೆಗಳ ವಠಾರವಿದ್ದ ಹಾಗೆ. ಆ ಮನೆಗಳನ್ನು ಕಟ್ಟಿದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗಾಗಿ. ಕನ್ನಡದ ಅಕ್ಷರಗಳು, ಕಾಗುಣಿತದ ಚೂರುಗಳು, ಒತ್ತುಗಳು ಎಲ್ಲ ಅಲ್ಲಿಗೇ ಒಕ್ಕಲು ಬಂದವು. £ ಇದ್ದ ಮನೆಗೆ ‘ನ’ದ ಬುಡ ಬಂತು. ¥ ಮನೆಗೆ ‘ಪ’ದ ಬುಡ. ¢ ಮನೆಗೆ ‘ದಿ’. ಇವುಗಳ ಮಧ್ಯೆ ಇರುವ ¤ ಎಂಬ ಸಾಮಾನ್ಯ ಹಣದ ಗುರುತಿನ ಮನೆಗೆ ‘ನಿ’. ಪರಿಣಾಮ ನೋಡಬೇಕೆಂದರೆ ನುಡಿಯಲ್ಲಿ ಟೈಪ್ ಮಾಡಿದ ಯಾವುದಾದರೂ ಸರ್ಕಾರಿ ಪತ್ರ ತೆರೆದು ಮೇಲ್ತುದಿಯ ‘ದಿನಾಂಕ’ ಎಂಬ ಪದಕ್ಕೆ ಏರಿಯಲ್ ಫಾಂಟ್ ಕೊಡಿ. ಪದ ¢£ ಎಂದು ಶುರುವಾಗುತ್ತದೆ. ‘ಕನ್ನಡ’ ಎಂಬ ಪದದ ಹೊಟ್ಟೆಯಲ್ಲೂ ಒಂದು ಪೌಂಡ್ ಇದೆ. ನಮ್ಮ ಕಚೇರಿಗಳ ಹಳೆಯ ಕಡತಗಳಲ್ಲಿರುವಷ್ಟು ಪೌಂಡು ಇಂಗ್ಲೆಂಡಿನ ಬ್ಯಾಂಕಿನಲ್ಲೂ ಇರಲಿಕ್ಕಿಲ್ಲ.

ಪರಿಹಾರ ಸುಲಭ. ಆ ಒಂದು ಚಿಹ್ನೆಯನ್ನು ಮಾತ್ರ ಆಯ್ದುಕೊಂಡು ಅದಕ್ಕೆ ಏರಿಯಲ್ ಅಥವಾ ಟೈಮ್ಸ್ ನ್ಯೂ ರೋಮನ್ ಕೊಡಿ. ಒಂದೆರಡು ಕಡೆ ಇದ್ದರೆ ಇಷ್ಟೇ ಸಾಕು.

ಹತ್ತಾರು ಪುಟಗಳ ಕರಾರು ಪತ್ರವಾದರೆ ಹುಷಾರು. ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ £ ಹಾಕಿ ‘ರಿಪ್ಲೇಸ್ ಆಲ್’ ಒತ್ತಿದಿರೋ, ಪತ್ರದಲ್ಲಿರುವ ಪ್ರತಿಯೊಂದು ‘ನ’ವೂ ಅದರ ಜೊತೆ ಹೋಗುತ್ತದೆ, ಏಕೆಂದರೆ ಕಡತದ ಒಳಗೆ ಎರಡೂ ಒಂದೇ ಸಂಖ್ಯೆ. ಇಲ್ಲಿ ಕನ್ನಡದ ಬರವಣಿಗೆಯೇ ಒಂದು ದಾರಿ ಕೊಡುತ್ತದೆ. ‘ನ’ದ ಬುಡ ಒಂಟಿಯಾಗಿ ಎಂದೂ ನಿಲ್ಲುವುದಿಲ್ಲ, ಅದರ ಬೆನ್ನಿಗೆ ತಲೆಕಟ್ಟೋ ಇನ್ನಾವುದೋ ಗುಣಿತದ ಚೂರೋ ಬಂದೇ ಬರಬೇಕು. ಅಂದಮೇಲೆ £ ಆದ ಕೂಡಲೇ ಅಂಕಿ ಇದ್ದರೆ ಅದು ಕನ್ನಡ ಅಕ್ಷರ ಆಗಿರಲು ಸಾಧ್ಯವೇ ಇಲ್ಲ. ‘ಫೈಂಡ್ ಆ್ಯಂಡ್ ರಿಪ್ಲೇಸ್’ ತೆರೆದು ‘ಮೋರ್’ ಒತ್ತಿ ‘ಯೂಸ್ ವೈಲ್ಡ್‌ಕಾರ್ಡ್ಸ್’ ಗುರುತು ಹಾಕಿ. ಹುಡುಕುವ ಜಾಗದಲ್ಲಿ £[0-9] ಎಂದೂ ಬದಲಿಸುವ ಜಾಗದಲ್ಲಿ ^& ಎಂದೂ ಬರೆಯಿರಿ. ಕರ್ಸರ್ ಬದಲಿಸುವ ಜಾಗದಲ್ಲೇ ಇರುವಾಗ ‘ಫಾರ್ಮ್ಯಾಟ್’, ‘ಫಾಂಟ್’ ಮೂಲಕ ಏರಿಯಲ್ ಆರಿಸಿ. ಅಕ್ಷರಗಳು ಇದ್ದಂತೆಯೇ ಇದ್ದು ಫಾಂಟ್ ಮಾತ್ರ ಬದಲಾಗುತ್ತದೆ. ಚಿಹ್ನೆಗೂ ಮೊತ್ತಕ್ಕೂ ನಡುವೆ ಜಾಗ ಬಿಟ್ಟಿದ್ದರೆ £ ಆದಮೇಲೆ ಒಂದು ಸ್ಪೇಸ್ ಸೇರಿಸಿ ಇನ್ನೊಮ್ಮೆ ಓಡಿಸಿ. ¥ ಚಿಹ್ನೆಗೂ ಇದೇ ಸೂತ್ರ ನಡೆಯುತ್ತದೆ. ¢ ಚಿಹ್ನೆಗೆ ಮಾತ್ರ ಒಂದೊಂದಾಗಿ ನೋಡಿಯೇ ಬದಲಿಸಿ. ‘ದಿ’ ಪೂರ್ಣ ಅಕ್ಷರವಾದ್ದರಿಂದ ಅದರ ಮುಂದೆ ಅಂಕಿ ಬರುವ ಸಂದರ್ಭ ಇರಬಹುದು.

ಇದೇ ದೋಷ ಇನ್ನೊಂದು ವೇಷದಲ್ಲೂ ಬರುತ್ತದೆ. ಹಳೆಯ ನುಡಿ ಕಡತವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದಾಗ, ಸರಿಯಾಗಿ ಏರಿಯಲ್‌ನಲ್ಲೇ ಕೂತಿದ್ದ ಪೌಂಡ್ ಕೂಡ ಕನ್ನಡವಾಗಿ ಬಿಡುತ್ತದೆ. ಪಠ್ಯವನ್ನು ನಕಲಿಸಿ ಪೆಟ್ಟಿಗೆಗೆ ಅಂಟಿಸುವ ಪರಿವರ್ತಕಕ್ಕೆ ಸಂಖ್ಯೆ ಮಾತ್ರ ಕಾಣುತ್ತದೆ, ಫಾಂಟ್ ಕಾಣುವುದಿಲ್ಲ. ಹಾಗಾಗಿ ಪರಿವರ್ತಿಸುವ ಮುಂಚೆ ಅಂಥ ಚಿಹ್ನೆಗಳನ್ನು ಅಳಿಸಿ ಆ ಜಾಗದಲ್ಲಿ ‘ಪೌಂಡ್’ ಎಂದು ನುಡಿಯಲ್ಲೇ ಟೈಪ್ ಮಾಡಿ. ಕಡತ ಯೂನಿಕೋಡ್ ಆದಮೇಲೆ ಆ ಪದವನ್ನು ಹುಡುಕಿ £ ಮಾಡಿಕೊಳ್ಳಬಹುದು, ಅಥವಾ ಪದವನ್ನೇ ಉಳಿಸಬಹುದು. ನನ್ನ ಮಟ್ಟಿಗೆ ಕಾನೂನು ಪತ್ರಗಳಲ್ಲಿ ಪದವೇ ವಾಸಿ.

ರೂಪಾಯಿ ಚಿಹ್ನೆಗೆ ಈ ಕಾಟವಿಲ್ಲ. ₹, ರಷ್ಯಾದ ₽, ಕೊರಿಯಾದ ₩ ಇವುಗಳ ಸಂಖ್ಯೆ ಆ 256 ಮನೆಗಳ ಆಚೆ ಇರುವುದರಿಂದ ವರ್ಡ್ ತಾನೇ ಬೇರೆ ಫಾಂಟ್‌ನಿಂದ ಕಡ ತಂದು ತೋರಿಸುತ್ತದೆ. ಯೂರೊ ಮಾತ್ರ ಎಡಬಿಡಂಗಿ. ಅದಕ್ಕೆ ಯೂನಿಕೋಡ್‌ನಲ್ಲಿ ದೊಡ್ಡ ಸಂಖ್ಯೆ ಇದ್ದರೂ ವಿಂಡೋಸ್‌ನ ಹಳೆಯ ಪಟ್ಟಿಯಲ್ಲಿ 128ನೆಯ ಮನೆಯೂ ಸಿಕ್ಕಿದೆ. ನುಡಿ ಫಾಂಟ್‌ನ ನಡುವೆ ಯೂರೊ ಹಾಕಿದರೆ ಕಣ್ಣಿಟ್ಟು ನೋಡಿ, ಅನುಮಾನ ಬಂದರೆ ಅದಕ್ಕೂ ಏರಿಯಲ್ ಕೊಟ್ಟುಬಿಡಿ.

ರೂಪಾಯಿ ಇರಬೇಕಾದಲ್ಲಿ ಒಂದು ಸಣ್ಣ ಗೀರು

ಮೊತ್ತದ ಎಡಗಡೆ ` ಎಂಬ ಓರೆ ಗೀರು ಕಂಡರೆ, ಆಲ್ಟ್ ಎಕ್ಸ್ ಒತ್ತಿದಾಗ 60 ಬಂದರೆ, ಆ ಕಡತದ ಬೇರು ಬಹುಶಃ ಮಂಗಳೂರಿನಲ್ಲಿದೆ. ಡಿ. ಉದಯ ಕುಮಾರ್ ರೂಪಿಸಿದ ₹ ಚಿಹ್ನೆಯನ್ನು ಕೇಂದ್ರ ಸಚಿವ ಸಂಪುಟ ಒಪ್ಪಿಕೊಂಡಿದ್ದು 2010ರ ಜುಲೈ 15ರಂದು. ಯೂನಿಕೋಡ್‌ನ 6.0 ಆವೃತ್ತಿಯಲ್ಲಿ ಅದಕ್ಕೆ ಸಂಖ್ಯೆ ಸಿಕ್ಕಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ನಡುವಿನ ಅವಧಿಯಲ್ಲಿ ಜನರಿಗೆ ಚಿಹ್ನೆ ಬೇಕಿತ್ತು, ಕಂಪ್ಯೂಟರ್‌ಗೆ ಅದರ ಸುಳಿವೇ ಇರಲಿಲ್ಲ. ಆಗ ಮಂಗಳೂರಿನ ಫೊರೇಡಿಯನ್ ಟೆಕ್ನಾಲಜೀಸ್ ‘ರುಪೀ ಫೊರೇಡಿಯನ್’ ಎಂಬ ಫಾಂಟ್ ಹೊರತಂದಿತು. ಟ್ಯಾಬ್ ಕೀಲಿಯ ಮೇಲಿರುವ ಗೀರಿನ ಕೀಲಿ ಒತ್ತಿದರೆ ರೂಪಾಯಿ ಬರುತ್ತಿತ್ತು. ಆ ಹೊತ್ತಿಗೆ ಒಳ್ಳೆಯ ಉಪಾಯವೇ. ಆದರೆ ಕಡತದ ಒಳಗೆ ಉಳಿಯುತ್ತಿದ್ದುದು ಗೀರು ಮಾತ್ರ. ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಹೋದ ಕೂಡಲೇ ಬಣ್ಣ ಬಯಲು.

ಆ ಕಾಲದ ಬಿಲ್ಲಿನ ನಮೂನೆಗಳನ್ನು ನಕಲು ಮಾಡುತ್ತಾ ಬಂದ ಅಂಗಡಿ, ಸೊಸೈಟಿಗಳಲ್ಲಿ ಇದು ಇಂದಿಗೂ ಎದುರಾಗುತ್ತದೆ. ` ಹುಡುಕಿ ₹ ಎಂದು ಬದಲಿಸಿ, ಬದಲಿಸುವಾಗಲೇ ಸಾಮಾನ್ಯ ಫಾಂಟ್ ಕೊಡಿ. ಇಲ್ಲಿ ‘ರಿಪ್ಲೇಸ್ ಆಲ್’ ಒತ್ತಲು ಹೆದರಬೇಕಿಲ್ಲ, ಸಾಮಾನ್ಯ ಪತ್ರದಲ್ಲಿ ಆ ಗೀರಿಗೆ ಬೇರೆ ಕೆಲಸವಿರುವುದಿಲ್ಲ. ಆದರೆ ಪುಟ ಪೂರ್ತಿ ನುಡಿಯಲ್ಲಿದ್ದರೆ ಮೊದಲು ಒಂದೆರಡು ಕಡೆ ಬದಲಿಸಿ ನೋಡಿ.

ಖಾಲಿ ಚೌಕ

ಸಂಖ್ಯೆ ಸರಿ, ನೋಟ ಚೌಕ. ಅಂದರೆ ಆ ಕಂಪ್ಯೂಟರ್‌ನಲ್ಲಿರುವ ಫಾಂಟ್‌ಗೆ ಈ ಚಿಹ್ನೆ ಗೊತ್ತಿಲ್ಲ. ಚಿಹ್ನೆಯ ವಯಸ್ಸು ತಿಳಿದರೆ ರೋಗ ಬೇಗ ತಿಳಿಯುತ್ತದೆ. ವಿಂಡೋಸ್ 7 ಮಾರುಕಟ್ಟೆಗೆ ಬಂದದ್ದು 2009ರಲ್ಲಿ, ಆಗ ₹ ಹುಟ್ಟಿಯೇ ಇರಲಿಲ್ಲ. 2011ರಲ್ಲಿ ಮೈಕ್ರೋಸಾಫ್ಟ್ ಪ್ರತ್ಯೇಕ ಅಪ್‌ಡೇಟ್ ಮೂಲಕ ಅದನ್ನು ಸೇರಿಸಿತು. ಒಮ್ಮೆಯೂ ಅಪ್‌ಡೇಟ್ ಕಾಣದ ಹಳೆಯ ಯಂತ್ರಗಳಲ್ಲಿ ಇಂದಿಗೂ ಚೌಕವೇ. ಟರ್ಕಿಯ ಲಿರಾ ₺ 2012ರದು, ರೂಬಲ್ ₽ ಯೂನಿಕೋಡ್‌ಗೆ ಸೇರಿದ್ದು 2014ರಲ್ಲಿ, ಬಿಟ್‌ಕಾಯಿನ್ ₿ 2017ರಲ್ಲಿ. ಇವು ನಿಮ್ಮಲ್ಲಿ ಕಂಡವು ಎಂದಮಾತ್ರಕ್ಕೆ ಕಡತ ಪಡೆದವರ ಕಡೆಯೂ ಕಾಣುತ್ತವೆ ಎಂದು ಗ್ಯಾರಂಟಿಯಿಲ್ಲ.

ಕನ್ನಡ ಪುಟದಲ್ಲಿ ಒಂದು ಸಣ್ಣ ಗೊಂದಲವಿದೆ. ವರ್ಡ್ ಕನ್ನಡಕ್ಕೆ ಒಂದು ಫಾಂಟ್, ಇಂಗ್ಲಿಷ್‌ಗೆ ಇನ್ನೊಂದು ಫಾಂಟ್ ಎಂದು ಬೇರೆ ಬೇರೆ ಲೆಕ್ಕ ಇಟ್ಟಿರುತ್ತದೆ. ಕಂಟ್ರೋಲ್ ಡಿ ಒತ್ತಿದರೆ ‘ಲ್ಯಾಟಿನ್ ಟೆಕ್ಸ್ಟ್’, ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂದು ಎರಡು ಪೆಟ್ಟಿಗೆ ಕಾಣುತ್ತವೆ. ತುಂಗಾ ಅಥವಾ ನಿರ್ಮಲಾ ಯುಐ ಎಂದು ನೀವು ಕೆಳಗಿನ ಪೆಟ್ಟಿಗೆಯಲ್ಲಿ ಎಷ್ಟು ಬದಲಿಸಿದರೂ ಹಣದ ಚಿಹ್ನೆ ಕದಲುವುದಿಲ್ಲ, ಅದು ಮೇಲಿನ ಲ್ಯಾಟಿನ್ ಫಾಂಟ್‌ನ ಮಾತು ಕೇಳುತ್ತದೆ. ಚಿಹ್ನೆ ಪಕ್ಕದ ಅಂಕಿಗಿಂತ ದಪ್ಪಗೋ ಕುಳ್ಳಗೋ ಕಂಡರೂ ಮದ್ದು ಅಲ್ಲೇ ಇದೆ.

ಚಿಹ್ನೆ ಸೇರಿಸುವಾಗಲೇ ಎಚ್ಚರ ವಹಿಸಿದರೆ ಈ ಪಾಡು ಇಲ್ಲ. ‘ಇನ್ಸರ್ಟ್’, ‘ಸಿಂಬಲ್’, ‘ಮೋರ್ ಸಿಂಬಲ್ಸ್’ ತೆರೆದಾಗ ಮೇಲಿನ ಫಾಂಟ್ ಪೆಟ್ಟಿಗೆಯಲ್ಲಿ ‘ನಾರ್ಮಲ್ ಟೆಕ್ಸ್ಟ್’ ಇರಲಿ, ಪಕ್ಕದ ‘ಸಬ್‌ಸೆಟ್’ನಲ್ಲಿ ‘ಕರೆನ್ಸಿ ಸಿಂಬಲ್ಸ್’ ಆರಿಸಿ. £, ¥, ¢ ಅಲ್ಲಿ ಸಿಗುವುದಿಲ್ಲ, ಅವು ‘ಲ್ಯಾಟಿನ್-1’ ಗುಂಪಿನಲ್ಲಿವೆ. ವಿಂಡೋಸ್ 10, 11ರಲ್ಲಾದರೆ ವಿಂಡೋಸ್ ಕೀಲಿ ಹಿಡಿದು ಪೂರ್ಣವಿರಾಮದ ಕೀಲಿ ಒತ್ತಿ, ಬರುವ ಪಟ್ಟಿಯ ಚಿಹ್ನೆಗಳ ವಿಭಾಗದಲ್ಲಿ ಹಣದ್ದೆಲ್ಲ ಒಂದೇ ಕಡೆ ಸಿಗುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ಆಲ್ಟ್ ಎಕ್ಸ್ ನಡೆಯುವುದಿಲ್ಲ, ‘ಇನ್ಸರ್ಟ್’ ಅಡಿಯ ‘ಸ್ಪೆಷಲ್ ಕ್ಯಾರೆಕ್ಟರ್ಸ್’ನ ಹುಡುಕು ಪೆಟ್ಟಿಗೆಯಲ್ಲಿ ಸಂಖ್ಯೆ ಹಾಕಿದರೆ ಬರುತ್ತದೆ.

ಪ್ರಶ್ನಾರ್ಥಕ ಚಿಹ್ನೆ, ಟೋಪಿ ಹಾಕಿದ ಎ

ಕಡತವನ್ನು ಬರೀ ಪಠ್ಯವಾಗಿ ಉಳಿಸಿದಾಗ ಅಥವಾ ಹಳೆಯ ತಂತ್ರಾಂಶದ ಮೂಲಕ ಹಾಯಿಸಿದಾಗ ₹ ಎಲ್ಲ ? ಆಗಿ, € ಮತ್ತು £ ಮಾತ್ರ ಗಟ್ಟಿಯಾಗಿ ಉಳಿದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ವಿಂಡೋಸ್‌ನ ಹಳೆಯ 1252 ಎಂಬ ಅಕ್ಷರಗಳ ಪಟ್ಟಿಯಲ್ಲಿ ಯೂರೊ, ಪೌಂಡ್, ಯೆನ್ ಇವೆ, ರೂಪಾಯಿ ಇಲ್ಲ. ವರ್ಡ್‌ನಲ್ಲಿ ‘ಪ್ಲೇನ್ ಟೆಕ್ಸ್ಟ್’ ಎಂದು ಉಳಿಸುವಾಗ ಒಂದು ಪೆಟ್ಟಿಗೆ ತೆರೆದುಕೊಂಡು, ಉಳಿಯದ ಅಕ್ಷರಗಳನ್ನು ಕೆಂಪಿನಲ್ಲಿ ತೋರಿಸುತ್ತದೆ. ಅದನ್ನು ಓದದೆ ‘ಓಕೆ’ ಒತ್ತುವುದೇ ರೂಢಿ. ಅಲ್ಲಿ ‘ಅದರ್ ಎನ್‌ಕೋಡಿಂಗ್’ ಆರಿಸಿ, ಯೂನಿಕೋಡ್‌ನ ಎಲ್ಲ ಅಕ್ಷರಗಳನ್ನೂ ಉಳಿಸುವ ಯುಟಿಎಫ್-8 ಕೊಟ್ಟರೆ ಏನೂ ಸಾಯುವುದಿಲ್ಲ.

ಒಂದು ಚಿಹ್ನೆಯ ಜಾಗದಲ್ಲಿ ಎರಡು ಮೂರು ವಿಚಿತ್ರ ಗುರುತು ಬಂದರೆ ಅದು ಬೇರೆ ಕಾಯಿಲೆ, ಗುಣವಾಗುವಂಥದ್ದು. ಪೌಂಡ್‌ನ ಹಿಂದೆ ಟೋಪಿ ಹಾಕಿದ ದೊಡ್ಡ ಎ ಅಕ್ಷರ ಬಂದಿರುತ್ತದೆ. ರೂಪಾಯಿಯಾದರೆ ಟೋಪಿಯ ಸಣ್ಣ ಎ, ಅಲ್ಪವಿರಾಮದಂಥ ಒಂದು ಗುರುತು, ಕೊನೆಗೆ ಮೇಲೆ ಕೂತ ಪುಟ್ಟ 1. ಯುಟಿಎಫ್-8ರಲ್ಲಿ ಪೌಂಡ್ ಎರಡು ಬೈಟ್, ರೂಪಾಯಿ ಮತ್ತು ಯೂರೊ ಮೂರು ಮೂರು ಬೈಟ್. ಓದುವ ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಎಂದುಕೊಂಡಿದೆ. ಕೂತು ಒಂದೊಂದಾಗಿ ತಿದ್ದಬೇಡಿ. ಮೂಲ ಕಡತವನ್ನು ಮತ್ತೆ ತೆರೆದು, ತೆರೆಯುವಾಗ ಕೇಳುವ ಎನ್‌ಕೋಡಿಂಗ್ ಪಟ್ಟಿಯಲ್ಲಿ ಯುಟಿಎಫ್-8 ಆರಿಸಿ. ಬ್ಯಾಂಕಿನ ಜಾಲತಾಣದಿಂದ ಇಳಿಸಿದ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು, ಅಲ್ಲಿಂದ ವರ್ಡ್‌ಗೆ ನಕಲಿಸಿದಾಗ ಇದು ಹೆಚ್ಚು.

ಯೂರೊ ಇರಬೇಕಾದ ಕಡೆ ¤ ಬಂದಿದ್ದರೂ ಇದೇ ಜಾತಿಯ ಗಲಿಬಿಲಿ. ಹಳೆಯ ಐಎಸ್‌ಒ 8859-15 ಪಟ್ಟಿ ಯೂರೊಗೆ ¤ ಇದ್ದ ಜಾಗವನ್ನೇ ಕೊಟ್ಟಿತ್ತು.

ಕೀಲಿ ಒತ್ತಿದರೂ ಏನೂ ಆಗದಿದ್ದಾಗ

‘ಕಂಟ್ರೋಲ್, ಆಲ್ಟ್, 4 ಒತ್ತಿದರೆ ರೂಪಾಯಿ ಬರುತ್ತೆ ಅಂದಿದ್ರಿ, ಬರ್ತಾ ಇಲ್ಲ’ ಎಂಬ ದೂರು ಬಂದಾಗ ಪರದೆಯ ಬಲ ಮೂಲೆ ನೋಡಿ. ಅಲ್ಲಿ ‘ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)’ ಇರುತ್ತದೆ. ಆ ಕೀಲಿ ಜೋಡಣೆ ‘ಇಂಗ್ಲಿಷ್ (ಇಂಡಿಯಾ)’ ಕೀಬೋರ್ಡ್‌ನದು. ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಅದನ್ನು ಸೇರಿಸಿ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಅದಕ್ಕೆ ಬನ್ನಿ. ಕೀಬೋರ್ಡ್‌ನ 4ರ ಮೇಲೆ ₹ ಅಚ್ಚಾಗಿದ್ದರೂ ಅಚ್ಚಿಗೂ ವಿಂಡೋಸ್‌ಗೂ ಸಂಬಂಧವಿಲ್ಲ. ಕೈ ತಪ್ಪಿ 4ರ ಬದಲು 3 ಒತ್ತಿದರೆ ಇಡೀ ಸಾಲು ಬಣ್ಣ ಬದಲಿಸಿ ತಲೆಬರಹವಾಗುತ್ತದೆ, ಏಕೆಂದರೆ ವರ್ಡ್‌ನಲ್ಲಿ ಕಂಟ್ರೋಲ್ ಆಲ್ಟ್ ಜೊತೆಗಿನ 1, 2, 3 ತಲೆಬರಹದ ಕೀಲಿಗಳು. ಗಾಬರಿಯಾಗದೆ ಕಂಟ್ರೋಲ್ ಝಡ್ ಒತ್ತಿ. ನುಡಿ ಅಥವಾ ಬರಹ ಹಿನ್ನೆಲೆಯಲ್ಲಿ ಕನ್ನಡದಲ್ಲಿ ಓಡುತ್ತಿದ್ದರೆ ಮೊದಲು ಅದನ್ನು ಇಂಗ್ಲಿಷ್‌ಗೆ ತನ್ನಿ. ನುಡಿಯಲ್ಲಿ ಅದು ಸ್ಕ್ರಾಲ್ ಲಾಕ್ ಕೀಲಿ.

ಯೂರೊಗೆ ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, ಇ. ಪೌಂಡ್‌ಗೆ ಕೀಬೋರ್ಡ್ ‘ಯುನೈಟೆಡ್ ಕಿಂಗ್‌ಡಮ್’ ಆಗಿದ್ದರೆ ಶಿಫ್ಟ್ 3, ಅದೇ ಕೀಲಿ ಅಮೆರಿಕನ್ ಜೋಡಣೆಯಲ್ಲಿ # ಕೊಡುತ್ತದೆ. ಯಾವುದು ಆನ್ ಇದೆ ಎಂದು ತಿಳಿಯಲು ಶಿಫ್ಟ್ 2 ಒತ್ತಿ ನೋಡಿ. @ ಬದಲು ಉದ್ಧರಣ ಚಿಹ್ನೆ ಬಂದರೆ ಅದು ಬ್ರಿಟನ್ನಿನದು. ಮ್ಯಾಕ್‌ನ ಅಮೆರಿಕನ್ ಜೋಡಣೆಯಲ್ಲಿ ಆಪ್ಷನ್ ಜೊತೆ 3 ಪೌಂಡ್, ವೈ ಯೆನ್, ಶಿಫ್ಟ್ ಸೇರಿಸಿ 2 ಯೂರೊ.

ಆಲ್ಟ್ ಹಿಡಿದು ಅಂಕಿ ಒತ್ತುವ ಹಳೆಯ ವಿಧಾನದಲ್ಲಿ ತಪ್ಪುವುದು ಎರಡೇ ಕಡೆ. ಬಲಗಡೆಯ ಅಂಕಿ ಫಲಕವನ್ನೇ ಬಳಸಬೇಕು, ನಮ್ ಲಾಕ್ ಆನ್ ಇರಬೇಕು. ಮೊದಲಿನ ಸೊನ್ನೆ ಬಿಡಬಾರದು. 0163 ಪೌಂಡ್, ಸೊನ್ನೆ ಬಿಟ್ಟರೆ ಗೀರು ಹಾಕಿದ ಒಂದು ಯು ಅಕ್ಷರ. 0165 ಯೆನ್, ಬಿಟ್ಟರೆ ಸ್ಪ್ಯಾನಿಷ್‌ನ ಎನ್. 0128 ಯೂರೊ. ಸೊನ್ನೆ ಇಲ್ಲದಿದ್ದರೆ ವಿಂಡೋಸ್ ಡಾಸ್ ಕಾಲದ 437ನೆಯ ಪಟ್ಟಿಗೆ ಹೋಗುತ್ತದೆ. ರೂಪಾಯಿಗೆ 8377 ವರ್ಡ್‌ನಲ್ಲಿ ನಡೆಯುತ್ತದೆ. ದೊಡ್ಡ ಸಂಖ್ಯೆ ಅರ್ಥವಾಗದ ತಂತ್ರಾಂಶ ಅದನ್ನು 256ರಿಂದ ಭಾಗಿಸಿ ಶೇಷ 185 ಮಾತ್ರ ಇಟ್ಟುಕೊಳ್ಳುತ್ತದೆ, ಆಗ ರೂಪಾಯಿ ಬದಲು ╣ ಎಂಬ ಜೋಡಿ ಗೆರೆಯ ಗುರುತು ಮೂಡುತ್ತದೆ. ಅಂಕಿ ಫಲಕವಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಇದರ ಹಿಂದೆ ಬೀಳಲೇಬೇಡಿ. 20ಬಿ9 ಟೈಪ್ ಮಾಡಿ ಆಲ್ಟ್ ಎಕ್ಸ್ ಒತ್ತುವುದೇ ಸಲೀಸು.

ಅದರಲ್ಲೂ ಒಂದು ಕೊಕ್ಕೆ ಇದೆ. ಜರ್ಮನಿಯ ರೀತಿಯಲ್ಲಿ ಮೊತ್ತದ ನಂತರ ಯೂರೊ ಬರೆಯಬೇಕಾದಾಗ 500 ಆದಮೇಲೆ ಜಾಗ ಬಿಡದೆ 20ಎಸಿ ಸೇರಿಸಿದರೆ, ವರ್ಡ್ ಮೊತ್ತದ ಅಂಕಿಗಳನ್ನೂ ಸಂಕೇತದ ಭಾಗವೆಂದು ಎಳೆದುಕೊಂಡು ಇನ್ನೇನೋ ಕೊಡುತ್ತದೆ, ಇಲ್ಲವೇ ಸುಮ್ಮನೆ ಕೂರುತ್ತದೆ. ಸಂಕೇತದ ನಾಲ್ಕು ಅಕ್ಷರಗಳನ್ನು ಮಾತ್ರ ಆಯ್ದು ಆಮೇಲೆ ಒತ್ತಿ. ಚಿಹ್ನೆ ಮತ್ತು ಮೊತ್ತ ಬೇರೆ ಬೇರೆ ಸಾಲಿಗೆ ಹರಿದುಹೋಗುತ್ತಿದ್ದರೆ ನಡುವೆ ಸಾದಾ ಸ್ಪೇಸ್ ಬದಲು ಕಂಟ್ರೋಲ್ ಶಿಫ್ಟ್ ಸ್ಪೇಸ್.

ಕೇಳದಿದ್ದರೂ ಬರುವ ಯೂರೊ

ಇಂಗ್ಲಿಷ್ ಪತ್ರದಲ್ಲಿ ಆವರಣದೊಳಗೆ ಎ, ಬಿ, ಸಿ, ಡಿ ಎಂದು ಷರತ್ತುಗಳನ್ನು ಪಟ್ಟಿ ಮಾಡುತ್ತಾ ಹೋದಾಗ ಐದನೆಯದು ತಟ್ಟನೆ € ಆಗುತ್ತದೆ. ವರ್ಡ್‌ನ ಆಟೋಕರೆಕ್ಟ್ ಪಟ್ಟಿಯಲ್ಲಿ ಆವರಣದ ಇ ಎಂದರೆ ಯೂರೊ ಎಂದು ಬರೆದಿಟ್ಟಿದ್ದಾರೆ. ಆ ಕ್ಷಣದಲ್ಲೇ ಕಂಟ್ರೋಲ್ ಝಡ್ ಒತ್ತಿದರೆ ಅಕ್ಷರ ವಾಪಸ್ ಬರುತ್ತದೆ. ಯುರೋಪಿನೊಂದಿಗೆ ವ್ಯವಹಾರವಿಲ್ಲದವರು ‘ಆಪ್ಷನ್ಸ್’, ‘ಪ್ರೂಫಿಂಗ್’, ‘ಆಟೋಕರೆಕ್ಟ್ ಆಪ್ಷನ್ಸ್’ಗೆ ಹೋಗಿ ಅದನ್ನು ಅಳಿಸಿಬಿಡಿ. ಹಾಗೆಯೇ ಅಲ್ಲಿ ನಿಮಗೆ ಬೇಕಾದ ಸಂಕ್ಷೇಪವೊಂದನ್ನು ₹ ಆಗುವಂತೆ ಸೇರಿಸಿಕೊಳ್ಳಲೂಬಹುದು.

ಜಪಾನಿನಿಂದ ಬಂದ ಕಡತದಲ್ಲಿ ಹಿಂದಕ್ಕೆ ವಾಲಿದ ಓರೆಗೆರೆ ಇರಬೇಕಾದಲ್ಲೆಲ್ಲ ¥ ಕಂಡರೆ ಅದು ದೋಷವೇ ಅಲ್ಲ. ಎಂಎಸ್ ಗಾಥಿಕ್, ಎಂಎಸ್ ಮಿಂಚೊದಂಥ ಜಪಾನಿ ಫಾಂಟ್‌ಗಳು ಆ ಗೆರೆಯನ್ನು ಹಾಗೆ ತೋರಿಸುವುದು ಹಳೆಯ ಸಂಪ್ರದಾಯ. ಫಾಂಟ್ ಬದಲಿಸಿದರೆ ಗೆರೆ ಮರಳುತ್ತದೆ.

ಮೇಲ್ ಮರ್ಜ್‌ನಲ್ಲಿ ಚಿಹ್ನೆ ಕಳೆದುಹೋದಾಗ

ಎಕ್ಸೆಲ್‌ನಲ್ಲಿ €1,250.00 ಎಂದು ಚೆಂದಗೆ ಕಂಡದ್ದು, ಪಟ್ಟಿಯ ಹೆಸರು, ಮೊತ್ತಗಳನ್ನು ಪ್ರತಿ ಪತ್ರಕ್ಕೂ ತಾನೇ ತುಂಬುವ ಮೇಲ್ ಮರ್ಜ್ ಮೂಲಕ ವರ್ಡ್‌ನ ಪತ್ರಕ್ಕೆ ಬಂದಾಗ ಬರೀ 1250. ಎಕ್ಸೆಲ್‌ನ ಕೋಶದಲ್ಲಿ ಇರುವುದು ಸಂಖ್ಯೆ ಮಾತ್ರ, ಚಿಹ್ನೆ ಮೇಲಿನ ಅಲಂಕಾರ. ಮರ್ಜ್ ಸಂಖ್ಯೆಯನ್ನಷ್ಟೇ ಎತ್ತಿಕೊಂಡು ಬರುತ್ತದೆ. ಪತ್ರದಲ್ಲಿ ಮೊತ್ತ ಬಂದು ಕೂರುವ ಜಾಗದ (ಫೀಲ್ಡ್) ಮೇಲೆ ಶಿಫ್ಟ್ ಎಫ್9 ಒತ್ತಿ ಅದರ ಸಂಕೇತ ತೆರೆದು, ಕೊನೆಯ ಆವರಣಕ್ಕೆ ಮುಂಚೆ \# "€#,##0.00" ಸೇರಿಸಿ, ಎಫ್9 ಒತ್ತಿ. ಉದ್ಧರಣ ಚಿಹ್ನೆಗಳ ಒಳಗೆ ಯಾವ ಹಣದ ಚಿಹ್ನೆ ಬೇಕಾದರೂ ಹಾಕಬಹುದು.

ದಿನಾರ್, ದಿರ್ಹಮ್, ರಿಯಾಲ್

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಡಾಲರ್‌ಗಿಂತ ಹೆಚ್ಚು ಬಳಕೆಯಲ್ಲಿರುವುದು ಕೊಲ್ಲಿಯ ಹಣ. ಅದರ ಚಿಹ್ನೆಗಳೇ ಎಲ್ಲಕ್ಕಿಂತ ಹೆಚ್ಚು ಕಾಡುವುದು. ಚಿಹ್ನೆಗಳ ಪಟ್ಟಿಯಲ್ಲಿ ಎಫ್‌ಡಿಎಫ್‌ಸಿ ಸಂಖ್ಯೆಯ ಒಂದು ರಿಯಾಲ್ ಇದೆ. ಅದು ಅರಬ್ಬಿ ಲಿಪಿಯದು, ಬಲದಿಂದ ಎಡಕ್ಕೆ ಓಡುವುದು. ಅದನ್ನು ಹಾಕಿ ಮುಂದೆ 500 ಎಂದು ಬರೆದರೆ ಮೊತ್ತ ಜಿಗಿದು ಎಡಕ್ಕೆ ಹೋಗಬಹುದು, ಕರ್ಸರ್ ಎಲ್ಲಿದೆ ಎಂದೇ ತಿಳಿಯದು. ದಿರ್ಹಮ್, ದಿನಾರ್‌ಗಳ ಅರಬ್ಬಿ ಸಂಕ್ಷೇಪ ನಕಲಿಸಿ ತಂದರೂ ಅದೇ ಗತಿ.

ಸೌದಿ ಅರೇಬಿಯಾ ತನ್ನ ರಿಯಾಲ್‌ಗೆ ಹೊಸ ಚಿಹ್ನೆ ಪ್ರಕಟಿಸಿದ್ದು 2025ರ ಫೆಬ್ರುವರಿಯಲ್ಲಿ, ಯುಎಇ ತನ್ನ ದಿರ್ಹಮ್‌ಗೆ ಮರು ತಿಂಗಳು. ಸೌದಿಯದಕ್ಕೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 17ರಲ್ಲಿ 20ಸಿ1 ಎಂಬ ಸಂಖ್ಯೆ ಸಿಕ್ಕಿತು. ದಿರ್ಹಮ್ ಆ ಆವೃತ್ತಿಯಲ್ಲಿ ಸೇರಿರಲಿಲ್ಲ. ಸಂಖ್ಯೆ ಸಿಕ್ಕ ಮಾತ್ರಕ್ಕೆ ಫಾಂಟ್‌ಗಳಿಗೆ ಅದು ಗೊತ್ತಿರುತ್ತದೆ ಎಂದಲ್ಲ, 20ಸಿ1 ಹಾಕಿ ಚೌಕ ಬಂದರೆ ನಿಮ್ಮ ತಪ್ಪೇನೂ ಇಲ್ಲ. ಬೇರೆ ಯಾವುದೋ ಕೀಲಿಗೆ ಈ ಚಿಹ್ನೆ ಕೂರಿಸಿದ ಫಾಂಟ್‌ಅನ್ನು ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಬಳಸಬೇಡಿ. ರೂಪಾಯಿಯ ಗೀರಿನ ಕತೆ ಮತ್ತೆ ನಡೆಯುತ್ತದೆ. ಸಂಬಳದ ಪತ್ರ, ಕರಾರು, ವಿಮೆಯ ಕಾಗದಗಳಲ್ಲಿ ‘ಸೌದಿ ರಿಯಾಲ್’, ‘ಯುಎಇ ದಿರ್ಹಮ್’ ಎಂದು ಹೆಸರನ್ನೇ ಬರೆಯಿರಿ, ಇಂಗ್ಲಿಷ್ ಪತ್ರವಾದರೆ ಬ್ಯಾಂಕುಗಳು ಬಳಸುವ ಮೂರಕ್ಷರದ ಸಂಕೇತ ಹಾಕಿ. ಕುವೈತ್ ಮತ್ತು ಬಹರೇನ್ ದಿನಾರ್, ಒಮಾನ್ ರಿಯಾಲ್‌ಗಳಿಗೆ ದಶಮಾಂಶದ ನಂತರ ಮೂರು ಅಂಕಿ ಎಂಬುದು ನೆನಪಿರಲಿ, ಅಲ್ಲಿ ಒಂದಕ್ಕೆ ಸಾವಿರ ಚಿಲ್ಲರೆ. 12.500 ಎಂದರೆ ಹನ್ನೆರಡೂವರೆ ದಿನಾರ್. ‘ತಿದ್ದಲು’ ಹೋಗಿ ಚುಕ್ಕಿಯನ್ನು ಅಲ್ಪವಿರಾಮ ಮಾಡಿದವರಿದ್ದಾರೆ.

ಕಳಿಸುವ ಮುಂಚೆ

ವರ್ಡ್ ಕಡತವನ್ನೇ ಕಳಿಸಬೇಕಾದರೆ ‘ಆಪ್ಷನ್ಸ್’ನ ‘ಸೇವ್’ ವಿಭಾಗದಲ್ಲಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ಗೆ ಗುರುತು ಹಾಕಿ. ಪಿಡಿಎಫ್ ಮಾಡುವುದಾದರೆ ಉಳಿಸುವ ಪೆಟ್ಟಿಗೆಯ ‘ಆಪ್ಷನ್ಸ್’ನಲ್ಲಿ ಪಿಡಿಎಫ್/ಎ ಆಯ್ಕೆ ಇದೆ, ಅದು ಫಾಂಟ್‌ಗಳನ್ನು ಕಡ್ಡಾಯವಾಗಿ ಒಳಗೆ ಸೇರಿಸುತ್ತದೆ. ಆದ ಪಿಡಿಎಫ್‌ನಿಂದ ಒಂದು ಮೊತ್ತವನ್ನು ನಕಲಿಸಿ ಖಾಲಿ ವರ್ಡ್ ಪುಟದಲ್ಲಿ ಅಂಟಿಸಿ, ಚಿಹ್ನೆಯ ಮೇಲೆ ಆಲ್ಟ್ ಎಕ್ಸ್ ಒತ್ತಿ ನೋಡಿ. 20ಬಿ9 ಬರಬೇಕಾದಲ್ಲಿ 60 ಬಂದರೆ ನಮೂನೆಯಲ್ಲಿ ಹಳೆಯ ಫಾಂಟ್ ಇನ್ನೂ ಉಳಿದಿದೆ ಎಂದೇ ಅರ್ಥ. ಪರದೆಯ ಮೇಲೆ ಎಲ್ಲ ಸರಿಯಿದ್ದು ಪ್ರಿಂಟರ್ ಮಾತ್ರ ಚೌಕ ಹೊಡೆಯುತ್ತಿದ್ದರೆ ಅಡೋಬಿ ರೀಡರ್‌ನ ಪ್ರಿಂಟ್ ಪೆಟ್ಟಿಗೆಯಲ್ಲಿ ‘ಅಡ್ವಾನ್ಸ್ಡ್’ ತೆರೆದು ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿ. ಸ್ವಲ್ಪ ನಿಧಾನ, ಆದರೆ ಚಿಹ್ನೆ ಬಂದೇ ಬರುತ್ತದೆ.